ಜೋತುಬಿದ್ದ ಹ್ಯಾಂಡಲ್, ಕೂಡದ ಚಿಲಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಬಾಗಿಲ ಹಿಡಿಕೆ, ಚಿಲಕ, ಬೀಗಗಳ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯವನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬೇಸಿಗೆಯ ಒಣ ಬಿಸಿಲು, ಕಾಲುವೆ ಬದಿಯ ತೇವ, ಗಣಿಯ ಕೆಂಧೂಳು, ಬೋರ್‌ವೆಲ್ಲಿನ ಉಪ್ಪುನೀರು ಇವುಗಳಲ್ಲಿ ಒಂದಲ್ಲ ಒಂದು ಪ್ರತಿ ಪತ್ರದಲ್ಲೂ ಇದೆ.

ಪ್ರಶ್ನೆ: ಮಲಗುವ ಕೋಣೆಯ ಬಾಗಿಲ ಹ್ಯಾಂಡಲ್ ಕೆಳಕ್ಕೆ ಜೋತುಬಿದ್ದಿದೆ. ಕೈಯಿಂದ ಮೇಲೆತ್ತಿದರಷ್ಟೇ ಚಿಲಕ ಹೊರಬರುತ್ತದೆ. ಅಂಗಡಿಯಲ್ಲಿ ‘ಎಂಟು ಇಂಚಿನದು’ ಕೇಳಿ ಹೊಸ ಜೊತೆ ತಂದೆವು. ಹ್ಯಾಂಡಲ್ ಕೂತಿತು, ಕೀಲಿಕೈ ತೂತು ಮಾತ್ರ ಮೇಲೆ ಕೆಳಗಾಗಿದೆ. ಬಾಗಿಲನ್ನೇ ಕೊರೆಸಬೇಕೆ?
— ಓದುಗರು, ಭಾಗ್ಯನಗರ, ಕೊಪ್ಪಳ

ಉತ್ತರ: ಕೊರೆಸಬೇಡಿ, ಹ್ಯಾಂಡಲ್ ವಾಪಸು ಕೊಟ್ಟು ಬನ್ನಿ. ಎಂಟು ಇಂಚು ಎನ್ನುವುದು ಹ್ಯಾಂಡಲ್ ಕೂತಿರುವ ಪಟ್ಟಿಯ ಉದ್ದ. ಬೀಗಕ್ಕೆ ಅದರ ಗೊಡವೆಯೇ ಇಲ್ಲ. ಬೀಗಕ್ಕೆ ಬೇಕಾದ ಅಳತೆ ಬೇರೆ: ಹ್ಯಾಂಡಲ್ ಕೂರುವ ಚೌಕ ಸರಳಿನ ನಟ್ಟನಡುವಿನಿಂದ ಸಿಲಿಂಡರ್ (ಕೀಲಿಕೈ ಹೋಗುವ ಲೋಹದ ತುಂಡು) ತೂತಿನ ದುಂಡು ಭಾಗದ ನಡುವಿನವರೆಗಿನ ಅಂತರ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು 65 ಮಿ.ಮೀ. ಮತ್ತು 85 ಮಿ.ಮೀ. ಒಂದೇ ಉದ್ದದ ಪಟ್ಟಿ ಎರಡರಲ್ಲೂ ಬರುತ್ತದೆ, ಹಾಗಾಗಿ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ.

ಅದಕ್ಕೂ ಮೊದಲು ಕೆಟ್ಟಿರುವುದು ಹ್ಯಾಂಡಲ್ಲೋ ಬೀಗವೋ ಎಂದು ನೋಡಿಕೊಳ್ಳಿ. ಬಾಗಿಲು ತೆರೆದಿಟ್ಟು, ಮುಚ್ಚಿಕೊಳ್ಳದಂತೆ ಬುಡಕ್ಕೆ ಬೆಣೆ ಕೊಡಿ. ಹ್ಯಾಂಡಲ್ಲಿನ ಕತ್ತಿನ ಅಡಿಯಲ್ಲಿ ಸಣ್ಣ ಅಲೆನ್ ಸ್ಕ್ರೂ (ತಲೆಯಲ್ಲಿ ಆರು ಮೂಲೆಯ ಗುಳಿ ಇರುವುದು) ಇದ್ದರೆ ಮೊದಲು ಅದನ್ನು ಬಿಗಿದು ನೋಡಿ. ಎಷ್ಟೋ ಸಲ ರೋಗ ಅಷ್ಟೇ ಇರುತ್ತದೆ. ಹೋಗಲಿಲ್ಲವೆಂದರೆ ಎರಡೂ ಹ್ಯಾಂಡಲ್ ಬಿಚ್ಚಿ, ಚೌಕ ಸರಳೊಂದನ್ನೇ ಬೀಗದಲ್ಲಿ ಬಿಟ್ಟು ಇಕ್ಕಳದಿಂದ ಹಿಡಿದು ತಿರುಗಿಸಿ ಬಿಡಿ. ಸರಳು ಟಕ್ಕೆಂದು ಹಿಂದಕ್ಕೆ ಬಂದು ಚಿಲಕದ ಮೂತಿ ಹೊರಗೆ ಚಿಮ್ಮಿದರೆ ಬೀಗ ಗಟ್ಟಿಯಾಗಿದೆ, ಸೋತಿರುವುದು ಹ್ಯಾಂಡಲ್ಲಿನೊಳಗಿನ ಸ್ಪ್ರಿಂಗ್. ಸರಳು ತಿರುಗಿದಲ್ಲೇ ನಿಂತರೆ ಬೀಗದ ಒಳ ಸ್ಪ್ರಿಂಗ್ ಮುರಿದಿದೆ. ಆಗ ಎಷ್ಟು ಒಳ್ಳೆಯ ಹ್ಯಾಂಡಲ್ ಹಾಕಿದರೂ ಕೆಲವೇ ದಿನದಲ್ಲಿ ಮತ್ತೆ ಜೋತುಬೀಳುತ್ತದೆ.

ಬೀಗವನ್ನೂ ಬದಲಿಸುವುದಾದರೆ ಸಿಲಿಂಡರ್ ಮೊದಲು ಹೊರಬರಬೇಕು. ಬಾಗಿಲ ಅಂಚಿನ ಪಟ್ಟಿಯಲ್ಲಿ, ಕೀಲಿಕೈ ತೂತಿನ ಮಟ್ಟದಲ್ಲೇ ಒಂದು ಉದ್ದನೆಯ ಸ್ಕ್ರೂ ಇರುತ್ತದೆ. ಅದನ್ನು ಪೂರ್ತಿ ತೆಗೆಯಿರಿ. ಆದರೂ ಸಿಲಿಂಡರ್ ಬರುವುದಿಲ್ಲ, ಅದರ ಹೊಟ್ಟೆಯಲ್ಲಿರುವ ನಾಲಿಗೆ ಅಡ್ಡ ನಿಂತಿರುತ್ತದೆ. ಕೀಲಿಕೈ ಹಾಕಿ ಸ್ವಲ್ಪವೇ, ಗಡಿಯಾರದ ಮುಳ್ಳು ಎರಡು ಮೂರು ನಿಮಿಷ ಸರಿದಷ್ಟು ಓರೆ ಮಾಡಿ ಮೆಲ್ಲನೆ ಎಳೆಯಿರಿ. ನಾಲಿಗೆ ಮೈಯೊಳಗೆ ಅಡಗಿದ ಕ್ಷಣ ಸಿಲಿಂಡರ್ ತಾನೇ ಜಾರಿಬರುತ್ತದೆ. ಇಲ್ಲಿ ತಾಳ್ಮೆಗೆಟ್ಟು ಸುತ್ತಿಗೆಯಿಂದ ಬಡಿದವರೇ ಸಿಲಿಂಡರನ್ನು ಸೊಂಟದಲ್ಲಿ ಮುರಿದುಕೊಳ್ಳುವುದು. ನಂತರ ಅಂಚಿನ ಪಟ್ಟಿಯ ಮೇಲಿನ, ಕೆಳಗಿನ ಎರಡು ಸ್ಕ್ರೂ ಬಿಚ್ಚಿ, ಚೌಕ ತೂತಿನಲ್ಲಿ ಸ್ಕ್ರೂಡ್ರೈವರ್ ತೂರಿಸಿ ನಿಮ್ಮತ್ತ ಎಳೆದರೆ ಬೀಗದ ಪೆಟ್ಟಿಗೆ ಹೊರಬರುತ್ತದೆ.

ಹಳೆಯ ಬೀಗವನ್ನೇ ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ. ಜೊತೆಗೆ ಚೀಟಿಯಲ್ಲಿ ಬಾಗಿಲ ದಪ್ಪ, ಬಾಗಿಲ ಅಂಚಿನಿಂದ ಚೌಕ ತೂತಿನ ನಡುವಿನವರೆಗಿನ ದೂರ (45, 50, 55, 60 ಹೀಗೆ ಬರುತ್ತದೆ), ಅಂಚಿನ ಪಟ್ಟಿಯ ಉದ್ದ ಅಗಲ, ಸಿಲಿಂಡರಿನ ಉದ್ದ ಬರೆದುಕೊಳ್ಳಿ. ಚೌಕ ಸರಳು ಸಾಮಾನ್ಯವಾಗಿ 8 ಮಿ.ಮೀ., ಹಳೆಯದು ತೆಳ್ಳಗಿದ್ದರೆ ಅದನ್ನೂ ಒಯ್ಯಿರಿ. ಸಿಲಿಂಡರ್ ಹೊರಗಿನ ಪಟ್ಟಿಗಿಂತ 2–3 ಮಿ.ಮೀ.ಗೂ ಹೆಚ್ಚು ಚಾಚಬಾರದು; ಚಾಚಿದರೆ ಕಳ್ಳನಿಗೆ ಇಕ್ಕಳ ಹಾಕಲು ಹಿಡಿ ಕೊಟ್ಟಂತೆ. ಹೊಸ ಪಟ್ಟಿ ಹಳೆಯದಕ್ಕಿಂತ ಒಂದು ಸುತ್ತು ದೊಡ್ಡದಿದ್ದರೆ ಹಳೆಯ ಗುರುತು ಮುಚ್ಚಿಹೋಗುತ್ತದೆ, ಬಣ್ಣ ಹಚ್ಚುವ ಕೆಲಸ ತಪ್ಪುತ್ತದೆ.

ಕೂರಿಸುವಾಗ ಸ್ಕ್ರೂಗಳನ್ನು ಮುಕ್ಕಾಲು ಭಾಗ ಬಿಗಿದು, ಹ್ಯಾಂಡಲ್ ತಿರುಗಿಸಿ, ಕೀಲಿಕೈ ಹಾಕಿ ನೋಡಿ ಆಮೇಲೆ ಪೂರ್ತಿ ಬಿಗಿಯಿರಿ, ಅದೂ ಕೈಯಿಂದ. ಡ್ರಿಲ್ಲಿನಿಂದ ಬಿಗಿದರೆ ಪಟ್ಟಿ ಒಳಕ್ಕೆ ಬಾಗಿ, ಹೊಸ ಹ್ಯಾಂಡಲ್ಲೂ ಮೊದಲ ದಿನವೇ ಬಿಗಿಹಿಡಿಯುತ್ತದೆ. ಎಲ್ಲ ಪರೀಕ್ಷೆ ಬಾಗಿಲು ತೆರೆದಿರುವಾಗಲೇ ಆಗಲಿ. ಮುಚ್ಚಿ ನೋಡೋಣ ಎಂದು ಮುಚ್ಚಿ ಒಳಗೇ ಸಿಕ್ಕಿಕೊಂಡವರ ಪತ್ರಗಳೂ ನಮ್ಮಲ್ಲಿವೆ.

ಪ್ರಶ್ನೆ: ಮನೆ ಗದ್ದೆಯ ಪಕ್ಕ, ಕಾಲುವೆ ಹತ್ತಿರ. ಮಳೆಗಾಲ ಬಂತೆಂದರೆ ಬಾಗಿಲು ಉಜ್ಜುತ್ತದೆ, ಚಿಲಕ ಚೌಕಟ್ಟಿನ ತೂತಿಗೆ ಬೀಳುವುದಿಲ್ಲ. ಬಡಿಗರು ಎರಡು ಸಲ ಅಂಚು ಹೆರೆದರು. ಈಗ ಬೇಸಿಗೆಯಲ್ಲಿ ಸಂದು ಬಿಟ್ಟು, ತಳ್ಳಿದರೆ ಬಾಗಿಲು ತೆರೆಯುತ್ತದೆ.
— ಓದುಗರು, ಗಂಗಾವತಿ

ಉತ್ತರ: ಮೂರನೆಯ ಸಲ ಹೆರೆಸಬೇಡಿ. ಕಟ್ಟಿಗೆ ಉದ್ದಕ್ಕೆ ಉಬ್ಬುವುದಿಲ್ಲ, ಅಗಲಕ್ಕೆ ಉಬ್ಬುತ್ತದೆ. ಒಣಗಿದಾಗ ಅಷ್ಟೇ ಕುಗ್ಗುತ್ತದೆ. ಮಳೆಗಾಲದ ಅಳತೆಗೆ ಹೆರೆದ ಬಾಗಿಲು ಏಪ್ರಿಲ್‌ನಲ್ಲಿ ಚಿಕ್ಕದಾಗಲೇಬೇಕು.

ಆದರೆ ನಿಮ್ಮ ಬಾಗಿಲಿಗೆ ಉಬ್ಬುವುದೊಂದೇ ಕಾಯಿಲೆ ಅಲ್ಲವೆಂದು ನಮ್ಮ ಅನುಮಾನ. ಬಾಗಿಲು ಮುಚ್ಚಿ ಮೇಲಿನ ಸಂದನ್ನು ನೋಡಿ. ಬಿಜಾಗರಿ ಕಡೆ ಕಿರಿದಾಗಿ ಚಿಲಕದ ಕಡೆ ಅಗಲವಾಗಿದ್ದರೆ ಬಾಗಿಲು ಇಳಿಬಿದ್ದಿದೆ. ಖಾತ್ರಿ ಮಾಡಿಕೊಳ್ಳಲು ಅರ್ಧ ತೆರೆದು, ಹ್ಯಾಂಡಲ್ ಹಿಡಿದು ಮೇಲಕ್ಕೆತ್ತಿ. ಮೇಲಿನ ಬಿಜಾಗರಿ ಮಿಸುಕಿದರೆ ಅದರ ಸ್ಕ್ರೂ ಸಡಿಲ. ಬಾಗಿಲ ಭಾರವೆಲ್ಲ ಎಳೆಯುವುದು ಅಲ್ಲೇ, ಕೆಳಗಿನ ಬಿಜಾಗರಿಯಲ್ಲಲ್ಲ. ಚೌಕಟ್ಟಿಗೆ ಹೋಗುವ ಸ್ಕ್ರೂಗಳನ್ನು ಒಂದೊಂದಾಗಿ ತೆಗೆದು, ಅದೇ 8ನೇ ನಂಬರಿನ 50 ಮಿ.ಮೀ. ಉದ್ದದ್ದು ಹಾಕಿ. 3 ಮಿ.ಮೀ. ಬಿಟ್‌ನಿಂದ ಮೊದಲು ದಾರಿ ಕೊರೆದು, ಸ್ಕ್ರೂವಿನ ಮೈಗೆ ಸೋಪು ಉಜ್ಜಿ ಬಿಗಿಯಿರಿ, ಇಲ್ಲವಾದರೆ ಹಳೆಯ ಸಾಗವಾನಿಯಲ್ಲಿ ತಲೆ ಮುರಿಯುತ್ತದೆ. ತೂತು ಅಗಲವಾಗಿ ಸ್ಕ್ರೂ ಸುಮ್ಮನೆ ತಿರುಗುತ್ತಿದ್ದರೆ, ಫೆವಿಕಾಲ್ ಹಚ್ಚಿದ ಬಿದಿರು ಕಡ್ಡಿ ತೂತು ತುಂಬುವಂತೆ ಬಡಿದು, ಮೇಲ್ಮಟ್ಟಕ್ಕೆ ಕತ್ತರಿಸಿ, ಒಂದು ದಿನ ಬಿಟ್ಟು ಕೊರೆಯಿರಿ.

ಇಷ್ಟಾದ ಮೇಲೂ ಚಿಲಕ ಕೂಡದಿದ್ದರೆ ಕುಂಕುಮ ತನ್ನಿ. ಎರಡು ಹನಿ ಎಣ್ಣೆಯಲ್ಲಿ ಕಲಸಿ ಚಿಲಕದ ಮೂತಿಗೆ ಹಚ್ಚಿ, ಬಾಗಿಲು ಮುಚ್ಚಿ ತೆರೆಯಿರಿ. ಚೌಕಟ್ಟಿನ ತಗಡಿನ ಮೇಲೆ ಎಲ್ಲಿ ಕೆಂಪು ಬಿತ್ತೋ ಅಲ್ಲೇ ತಡೆ. ಗುರುತು ತೂತಿಗಿಂತ ಒಂದೆರಡು ಮಿ.ಮೀ. ಕೆಳಗಿದ್ದರೆ ಚಪ್ಪಟೆ ಅರದಿಂದ ತೂತಿನ ಕೆಳ ಅಂಚು ಉಜ್ಜಿದರೆ ಸಾಕು. 3 ಮಿ.ಮೀ. ದಾಟಿದ್ದರೆ ತಗಡನ್ನೇ ಬಿಚ್ಚಿ, ಉಳಿಯಿಂದ ಗುಂಡಿ ಸರಿಸಿ ಕೂರಿಸಬೇಕು. ಹೆರೆದು ಬಿಟ್ಟ ಸಂದಿಗೆ ಔಷಧ ಸುಲಭ: ತಗಡಿನ ಹಿಂದೆ ಒಂದೂವರೆ ಎರಡು ಮಿ.ಮೀ. ಅಲ್ಯೂಮಿನಿಯಂ ಪಟ್ಟಿ ಕೊಟ್ಟು ಮುಂದಕ್ಕೆ ತನ್ನಿ. ಬಾಗಿಲಿಗೂ ಚೌಕಟ್ಟಿಗೂ ಎರಡು ನಾಣ್ಯ ಜೋಡಿಸಿದಷ್ಟು, ಸುಮಾರು 3 ಮಿ.ಮೀ. ಅಂತರ ಇದ್ದರೆ ಸರಿ.

ಬಾಗಿಲ ತಲೆ ಮತ್ತು ಬುಡದ ಅಂಚಿಗೆ ಬಣ್ಣ ಹಚ್ಚಿದವರನ್ನು ನಾವು ಕಂಡದ್ದು ಕಡಿಮೆ. ನೀರು ಕುಡಿಯುವ ಬಾಯಿ ಅಲ್ಲೇ ಇರುವುದು. ಮೇ ತಿಂಗಳಲ್ಲಿ, ಕಟ್ಟಿಗೆ ಪೂರ್ತಿ ಒಣಗಿರುವಾಗ ಬಾಗಿಲು ಇಳಿಸಿ ಎರಡೂ ಅಂಚಿಗೆ, ಹೆರೆದ ಬದಿಗೂ, ಎರಡು ಕೈ ಬಣ್ಣ ಅಥವಾ ವಾರ್ನಿಷ್ ಕೊಡಿ.

ಪ್ರಶ್ನೆ: ಮುಂಬಾಗಿಲ ಚೌಕಟ್ಟು ಗ್ರಾನೈಟ್‌ನದು. ಅಗಳಿ ಹೋಗಿ ಕೂರುವ ಕೊಂಡಿಯ ಸ್ಕ್ರೂಗಳು ಕಿತ್ತು ಬಂದಿವೆ. ಸಿಮೆಂಟ್ ತುಂಬಿ ಮತ್ತೆ ಕೂರಿಸಿದೆವು, ಹದಿನೈದು ದಿನ ನಿಲ್ಲಲಿಲ್ಲ.
— ಓದುಗರು, ಕುಷ್ಟಗಿ

ಉತ್ತರ: ಸಣ್ಣ ತೂತಿನಲ್ಲಿ ಸಿಮೆಂಟ್ ಕಲ್ಲಿನ ನುಣುಪು ಮೈಯನ್ನು ಹಿಡಿಯುವುದಿಲ್ಲ, ಬಾಗಿಲು ದಡಕ್ಕೆಂದಾಗಲೆಲ್ಲ ಪುಡಿಯಾಗುತ್ತದೆ. ಇಲ್ಲಿ ನೈಲಾನ್ ಪ್ಲಗ್ ಬೇಕು. ತೂತು ಅಷ್ಟಾಗಿ ಕೆಟ್ಟಿರದಿದ್ದರೆ 6 ಮಿ.ಮೀ. ಪ್ಲಗ್‌ಗೆ 8ನೇ ನಂಬರ್ ಸ್ಕ್ರೂ. ಅಗಲವಾಗಿದ್ದರೆ 8 ಮಿ.ಮೀ.ಗೆ ಕೊರೆದು ಅದೇ ಅಳತೆಯ ಪ್ಲಗ್, 10ನೇ ನಂಬರ್ ಸ್ಕ್ರೂ. ಆಳ ಪ್ಲಗ್ಗಿಗಿಂತ 5 ಮಿ.ಮೀ. ಹೆಚ್ಚಿರಲಿ, ಪುಡಿ ಕೂರಲು ಜಾಗ ಬೇಕು.

ಗ್ರಾನೈಟ್‌ನ ಕಷ್ಟ ಅದರ ಅಂಚಿನಲ್ಲಿದೆ. ಅಂಚಿನಿಂದ 25–30 ಮಿ.ಮೀ. ದೂರ ಬಿಟ್ಟು ಕೊರೆಯದಿದ್ದರೆ ಚಕ್ಕೆ ಹಾರುತ್ತದೆ, ಅದನ್ನು ಯಾವ ಮೇಸ್ತ್ರಿಯೂ ಮತ್ತೆ ಅಂಟಿಸಲಾರ. ಡ್ರಿಲ್ಲಿನ ಹ್ಯಾಮರ್ (ಬಡಿಯುತ್ತ ಕೊರೆಯುವ) ಗುಂಡಿ ಬಂದ್ ಮಾಡಿಟ್ಟು ಶುರುಮಾಡಿ, 4–5 ಮಿ.ಮೀ. ಒಳಹೋಗಿ ಬಿಟ್ ದಾರಿ ಹಿಡಿದ ಮೇಲೆ ಹ್ಯಾಮರ್ ಹಾಕಿ. ನಡುನಡುವೆ ಹೊರಗೆಳೆದು ಬಿಟ್ ತಣ್ಣಗಾಗಲು ಬಿಡಿ. ಕೊರೆದ ಮೇಲೆ ಸೈಕಲ್ ಪಂಪಿನಿಂದ ತೂತಿನ ಪುಡಿ ಊದಿ ತೆಗೆಯಿರಿ. ಪುಡಿ ಉಳಿದರೆ ಪ್ಲಗ್ ಅದರ ಮೇಲೆ ಜಾರುತ್ತದೆ, ನಿಮ್ಮ ಕೆಲಸ ಮತ್ತೆ ಹದಿನೈದು ದಿನದ್ದೇ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಮರೆಯಬೇಡಿ, ಕಲ್ಲಿನ ಧೂಳು ಶ್ವಾಸಕೋಶದಿಂದ ಹೊರಬರುವಂಥದ್ದಲ್ಲ.

ತೂತು ಬೆರಳು ಹೋಗುವಷ್ಟಾಗಿದ್ದರೆ ಅದನ್ನು ಬಿಟ್ಟು, ಕೊಂಡಿಯನ್ನೂ ಅಗಳಿಯನ್ನೂ ಒಂದು ಗೇಣು ಮೇಲೆ ಅಥವಾ ಕೆಳಗೆ ಹೊಸದಾಗಿ ಕೂರಿಸುವುದೇ ಲೇಸು.

ಪ್ರಶ್ನೆ: ತಿಂಗಳಿಗೊಮ್ಮೆ ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಡುತ್ತೇವೆ. ಆದರೂ ಕೀಲಿಕೈ ದಿನೇದಿನೇ ಬಿಗಿಯಾಗುತ್ತಿದೆ.
— ಓದುಗರು, ಸಂಡೂರು

ಉತ್ತರ: ಆದರೂ ಅಲ್ಲ, ಅದಕ್ಕೇ. ಎಣ್ಣೆ ಕೆಂಧೂಳನ್ನು ಹಿಡಿದಿಡುತ್ತದೆ. ಅದಿರಿನ ಪುಡಿ ಹಿತ್ತಾಳೆಗಿಂತ ಗಟ್ಟಿ. ಎಣ್ಣೆಯಲ್ಲಿ ಕಲಸಿದರೆ ಅದು ಸಾಣೆಯ ಲೇಪವಾಗಿ ಒಳಗಿನ ಪಿನ್ನುಗಳನ್ನು ತೇಯುತ್ತದೆ. ಮೇಲಿಂದ ಕೊಬ್ಬರಿ ಎಣ್ಣೆ ಹಳತಾದಂತೆ ಅಂಟಾಗುತ್ತದೆ, ಚಳಿಗಾಲದ ಬೆಳಗ್ಗೆ ಹೆಪ್ಪೂ ಗಟ್ಟುತ್ತದೆ. ಸಿಲಿಂಡರ್ ಹೊರತೆಗೆದು ಸೀಮೆಎಣ್ಣೆಯಲ್ಲಿ ಒಂದು ಗಂಟೆ ಮುಳುಗಿಸಿ, ಕೀಲಿಕೈ ಹಾಕಿ ತೆಗೆದು ಮಾಡುತ್ತ ಕುಲುಕಿ, ಒಲೆಯಿಂದ ದೂರ, ನೆರಳಲ್ಲಿ ಒಂದು ದಿನ ಒಣಗಿಸಿ. ಆಮೇಲೆ 4ಬಿ ಅಥವಾ 6ಬಿ ಪೆನ್ಸಿಲ್ಲಿನ ಸೀಸವನ್ನು ಕೀಲಿಕೈಯ ಹಲ್ಲುಗಳಿಗೆ ದಟ್ಟವಾಗಿ ಗೀಚಿ ಹತ್ತು ಸಲ ಆಡಿಸಿ. ಎಣ್ಣೆ ಇನ್ನು ಬೇಡ.

ಪೆಟ್ಟಿಗೆಯಲ್ಲಿ ಬಳಸದೆ ಇಟ್ಟ ಮೂಲ ಕೀಲಿಕೈ ಇದ್ದರೆ ಮೊದಲು ಅದನ್ನು ಹಾಕಿ ನೋಡಿ. ಅದು ಸಲೀಸಾಗಿ ತಿರುಗಿದರೆ ಸವೆದದ್ದು ಕೀಲಿಕೈ. ನಕಲು ಮಾಡಿಸುವಾಗಲೂ ಮೂಲದಿಂದಲೇ ಮಾಡಿಸಿ.

ಪ್ರಶ್ನೆ: ಬಚ್ಚಲುಮನೆಯ ಪಿವಿಸಿ ಬಾಗಿಲಿನಲ್ಲಿ ಚಿಲಕ ನಿಲ್ಲುತ್ತಿಲ್ಲ. ನೀರು ಉಪ್ಪು, ಸ್ಕ್ರೂ ಎಲ್ಲ ತುಕ್ಕು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.
— ಓದುಗರು, ಸಿಂಧನೂರು

ಉತ್ತರ: ಆ ಬಾಗಿಲ ಹೊಟ್ಟೆ ಪೊಳ್ಳು, ಕಟ್ಟಿಗೆ ಸ್ಕ್ರೂಗೆ ಕಚ್ಚಲು ಏನೂ ಇಲ್ಲ. ಆರಪಾರ 4 ಮಿ.ಮೀ. ಸ್ಟೇನ್‌ಲೆಸ್ ಬೋಲ್ಟ್ ಹಾಕಿ, ಹೊರಗಡೆ ಎರಡು ಬೆರಳಗಲದ ಅಲ್ಯೂಮಿನಿಯಂ ಪಟ್ಟಿಯ ಮೇಲೆ ನಟ್ಟು ಬಿಗಿಯಿರಿ. ಬರೀ ವಾಷರ್ ಕೊಟ್ಟರೆ ಬಾಗಿಲ ಮೈ ಒಳಕ್ಕೆ ಕುಸಿಯುತ್ತದೆ. ಮಕ್ಕಳಿರುವುದರಿಂದ ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಬಹುದಾದ ಸೀಳು ಇರುವ ಬಾತ್‌ರೂಮ್ ಚಿಲಕ ಕೇಳಿ ತನ್ನಿ. ಅದು ಸಿಗುವವರೆಗೆ ಹಳೆಯ ಚಿಲಕವನ್ನು ಮಕ್ಕಳ ಕೈಗೆ ಎಟುಕದ ಎತ್ತರಕ್ಕೆ ಏರಿಸಿ.

ಪ್ರಶ್ನೆ: ಅಂಗಡಿಯವರು ‘ಅಪ್ಪಟ ಹಿತ್ತಾಳೆ’ ಎಂದು ಹ್ಯಾಂಡಲ್ ಕೊಡುತ್ತಾರೆ. ಅಯಸ್ಕಾಂತ ಹಿಡಿಯದಿದ್ದರೆ ನಂಬಬಹುದೆ?
— ಓದುಗರು, ಕೌಲ್‌ಬಜಾರ್, ಬಳ್ಳಾರಿ

ಉತ್ತರ: ನಂಬಬಾರದು. ಅಯಸ್ಕಾಂತ ಕಬ್ಬಿಣವನ್ನು ಮಾತ್ರ ಹಿಡಿದುಕೊಡುತ್ತದೆ. ಹಿತ್ತಾಳೆ ಬಣ್ಣ ಹೊದ್ದ ಸತು ಮಿಶ್ರಲೋಹವೂ ಅದಕ್ಕೆ ಅಂಟುವುದಿಲ್ಲ, ಕತ್ತಿನಲ್ಲಿ ಪಟ್ಟನೆ ಮುರಿಯುವುದು ಅದೇ. ಪಟ್ಟಿಯ ಹಿಂಬದಿಯಲ್ಲಿ, ಕಾಣದ ಕಡೆ, ಅರದಿಂದ ಒಂದು ಗೀರು ಹಾಕಲು ಕೇಳಿ. ಒಳಗೂ ಹಳದಿ ಕಂಡರೆ ಹಿತ್ತಾಳೆ, ಬೂದುಬಿಳಿ ಕಂಡರೆ ಸತು. ಗೀರಲು ಬಿಡದ ಅಂಗಡಿಯಲ್ಲಿ ಹಿತ್ತಾಳೆಯ ದರ ಕೊಡಬೇಡಿ. ಸ್ಟೇನ್‌ಲೆಸ್‌ನಲ್ಲೂ ಇದೇ ಮಾತು: 304 ಮತ್ತು ಅಗ್ಗದ 202 ಎಂಬ ದರ್ಜೆಗಳಿವೆ, ಎರಡನ್ನೂ ಅಯಸ್ಕಾಂತ ಹೆಚ್ಚುಕಮ್ಮಿ ಒಂದೇ ಎಂದು ಬಿಡುತ್ತದೆ. ಒಳಕೋಣೆಗೆ 202 ನಡೆಯುತ್ತದೆ, ಬಚ್ಚಲಿಗೆ ಬೇಡ.

ಪ್ರಶ್ನೆ: ಅಜ್ಜನ ಕಾಲದ ಮಾಳಿಗೆ ಮನೆ, ಎರಡು ಕದದ ಬಾಗಿಲು. ಮೇಲಿನ ಸರಪಳಿ ಚಿಲಕದ ಕೊಂಡಿ ಅಲ್ಲಾಡುತ್ತಿದೆ. ತೆಗೆದು ಹೊಸ ಬೀಗ ಕೂರಿಸೋಣವೆ?
— ಓದುಗರು, ಮಸ್ಕಿ

ಉತ್ತರ: ಸರಪಳಿ ಇರಲಿ. ಅಂಥ ದಪ್ಪ ಕದಕ್ಕೆ ಗುಂಡಿ ತೋಡಿ ಮೋರ್ಟಿಸ್ ಬೀಗ (ಕದದ ದಪ್ಪದೊಳಗೆ ಕೂರುವ ಪೆಟ್ಟಿಗೆ ಬೀಗ) ಇಳಿಸಿದರೆ ಹಳೆಯ ಕಟ್ಟಿಗೆ ಅಲ್ಲೇ ಬಿರುಕು ಬಿಡುವ ಭಯವಿದೆ. ಕೊಂಡಿಯ ಎರಡು ಕಾಲು ಕದದ ಹಿಂದೆ ಮಡಚಿರುತ್ತವೆ. ಹಿಂದಿನಿಂದ ಅವನ್ನು ಉಳಿಯ ತುದಿಯಿಂದ ಎಬ್ಬಿಸಿ, ಇಕ್ಕಳದಿಂದ ನೇರ ಮಾಡಿ, ಮುಂದಿನಿಂದ ಕೊಂಡಿ ಎಳೆದುಕೊಳ್ಳಿ. ಸವೆದು ಅಗಲವಾದ ತೂತಿಗೆ ಅಂಟು ಹಚ್ಚಿದ ಸಾಗವಾನಿ ಬೆಣೆ ಬಡಿದು, ಒಣಗಿದ ಮೇಲೆ ಕೊಂಡಿಯ ಕಾಲಿಗಿಂತ ತುಸು ಸಣ್ಣ ಬಿಟ್‌ನಿಂದ ಕೊರೆದು ಮತ್ತೆ ಹೊಡೆಯಿರಿ. ಹಿಂದೆ ದಪ್ಪ ಕಬ್ಬಿಣದ ವಾಷರ್ ತೊಡಿಸಿ ಕಾಲುಗಳನ್ನು ಒಂದೊಂದು ಕಡೆಗೆ ಮಡಚಿ, ಆದರೆ ಕಟ್ಟಿಗೆಯ ನಾರಿಗೆ ಅಡ್ಡಲಾಗಿ. ನಾರಿನ ಗುಂಟ ಮಡಚಿದರೆ ಸರಪಳಿ ಜಗ್ಗಿದಂತೆಲ್ಲ ಆ ಕಾಲೇ ಬೆಣೆಯಾಗಿ ಕದವನ್ನು ಸೀಳುತ್ತದೆ. ಮಡಚುವಾಗ ಮುಂದೆ ಕೊಂಡಿಯ ತಲೆಗೆ ಯಾರಾದರೂ ಭಾರದ ಸುತ್ತಿಗೆ ಒತ್ತಿ ಹಿಡಿದಿರಲಿ.