ಅಂಕ ಗಳಿಸುವುದು ತನ್ನ ಕೆಲಸವೇ ಅಲ್ಲದ ಜೋ ಥಾಮಸ್ ಅಮೆರಿಕನ್ ಫುಟ್‌ಬಾಲ್‌ನ ಶ್ರೇಷ್ಠರಲ್ಲಿ ಒಬ್ಬರೆನಿಸಿದ್ದು ಹೇಗೆ?

ಎದುರಾಳಿಗಳನ್ನು ತಡೆದು ನಿಲ್ಲಿಸುವ ಕೆಲಸವನ್ನು ವರ್ಷಗಟ್ಟಲೆ ಒಂದು ಸರದಿಯನ್ನೂ ತಪ್ಪಿಸದೆ ಮಾಡಿದ್ದರಿಂದ.

ಥಾಮಸ್ ಆಡುತ್ತಿದ್ದುದು ‘ಲೆಫ್ಟ್ ಟ್ಯಾಕಲ್’ ಸ್ಥಾನದಲ್ಲಿ, ಅಂದರೆ ದಾಳಿ ಮಾಡುವ ತಂಡದ ಮುಂಚೂಣಿಯ ಐವರಲ್ಲಿ ಎಡತುದಿಯಲ್ಲಿ. ಚೆಂಡನ್ನು ಎಸೆಯುವ ಕ್ವಾರ್ಟರ್‌ಬ್ಯಾಕ್ ಬಲಗೈಯವನಾಗಿದ್ದರೆ ಎಸೆಯಲು ಸಜ್ಜಾಗುವಾಗ ಅವನ ಮೈ ಬಲಕ್ಕೆ ತಿರುಗಿರುತ್ತದೆ. ಆದ್ದರಿಂದ ಎಡಗಡೆಯಿಂದ ನುಗ್ಗಿ ಬರುವವನು ಅವನ ಕಣ್ಣಿಗೆ ಬೀಳುವುದಿಲ್ಲ. ಆ ಕಾಣದ ಬದಿಯನ್ನು ಕಾಯುವವನು ಎರಡು ಮೂರು ಸೆಕೆಂಡು ತಡೆದು ನಿಂತರೆ ಮಾತ್ರ ಎಸೆತ ಸಾಧ್ಯವಾಗುವುದರಿಂದ, ಅವನು ಸೋತಾಗಲಷ್ಟೇ ಪ್ರೇಕ್ಷಕರಿಗೆ ಅವನ ನೆನಪಾಗುತ್ತದೆ.

ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಒಬ್ಬೊಬ್ಬರಾಗಿ ಆರಿಸಿಕೊಳ್ಳುವ 2007ರ ಆಯ್ಕೆ ಪ್ರಕ್ರಿಯೆಯಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡವು ಒಟ್ಟಾರೆ ಮೂರನೆಯವರಾಗಿ ಆರಿಸಿಕೊಂಡ ಥಾಮಸ್, ಮೊದಲ ಪಂದ್ಯದಿಂದ 2017ರ ಅಕ್ಟೋಬರ್‌ನಲ್ಲಿ ಎಡತೋಳಿನ ಸ್ನಾಯು ಹರಿಯುವವರೆಗೆ, ಸತತ 10,363 ಸ್ನ್ಯಾಪ್‌ಗಳನ್ನು (ಚೆಂಡನ್ನು ಹಿಂದಕ್ಕೆ ಕೊಟ್ಟು ಆರಂಭಿಸುವ ಒಂದೊಂದು ಸರದಿ) ಆಡಿದರು. ತಾರಾ ಆಟಗಾರರ ಪಂದ್ಯವಾದ ಪ್ರೋ ಬೌಲ್‌ಗೆ ಹತ್ತು ಬಾರಿ ಆಯ್ಕೆಯಾದರು. ಆದರೆ ಆ ಅವಧಿಯಲ್ಲಿ ಬ್ರೌನ್ಸ್ ಒಮ್ಮೆಯೂ ಪ್ಲೇಆಫ್ ತಲುಪಲಿಲ್ಲ, 2017ರಲ್ಲಂತೂ ಹದಿನಾರೂ ಪಂದ್ಯಗಳನ್ನು ಸೋತಿತು. ಇಂತಹ ತಂಡದಲ್ಲಿದ್ದೂ ಅರ್ಹತೆಯ ಮೊದಲ ವರ್ಷದಲ್ಲೇ, 2023ರಲ್ಲಿ, ಹಾಲ್ ಆಫ್ ಫೇಮ್ ಗೌರವ ಸಂದಿತೆಂಬುದೇ ನನ್ನ ದೃಷ್ಟಿಯಲ್ಲಿ ಅವರ ಆಟಕ್ಕೆ ದೊಡ್ಡ ಸಾಕ್ಷಿ.

ಈ ವೃತ್ತಿಗಾಗಿ ಸುಮಾರು 140 ಕಿಲೋ ತೂಕವನ್ನು ಉಳಿಸಿಕೊಳ್ಳಲು ಹಸಿವಿಲ್ಲದಿದ್ದರೂ ತಿನ್ನಬೇಕಾಗಿದ್ದ ಅವರು, 2018ರಲ್ಲಿ ನಿವೃತ್ತರಾದ ಮೇಲೆ ಇಪ್ಪತ್ತು ಕಿಲೋಗೂ ಹೆಚ್ಚು ಇಳಿಸಿದರು.