218 ಬೀ ರೈಫಲ್‌ಗೆ ಬ್ರಾಸ್ ಬೇಕಾ? ಮೊದಲು ವೀಸಾ ನೋಡು ತಮ್ಮಾ

ತಮ್ಮಾ, ಅಮೆರಿಕಕ್ಕೆ ಹೋದ ನಮ್ಮ ಕಡೆಯ ಹುಡುಗರು ಬಾಡಿಗೆ ಮನೆ, ಕಾರು, ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ ಅಂತ ಕೇಳುತ್ತಾರೆ. ನೀನು ಕೇಳಿದ್ದು ಬೇರೆ. ಮನೆ ಮಾಲೀಕರಾದ ಅಜ್ಜ ತಮ್ಮ ಅಪ್ಪನ ವಿಂಚೆಸ್ಟರ್ ಮಾಡೆಲ್ 65 ರೈಫಲ್ ತೋರಿಸಿ, 'ನೀನೇ ಇಟ್ಟುಕೋ' ಅಂದಿದ್ದಾರೆ. ಅದು 218 ಬೀ ಅನ್ನುವ ಅಳತೆಯ ತೋಟಾ ಹಾರಿಸುವ ರೈಫಲ್. ಅಂಗಡಿಯಲ್ಲಿ ಅದರ ತೋಟಾ ಇಲ್ಲ. ಖಾಲಿ ಬ್ರಾಸ್ ಕೇಸ್ (ತೋಟಾದ ಹಿತ್ತಾಳೆ ಕವಚ) ತರಿಸಿ ಮನೆಯಲ್ಲೇ ತಯಾರಿಸಬಹುದಾ, ಒಂದೆರಡು ಕೇಸ್ ಚಿತ್ರದುರ್ಗಕ್ಕೆ ತಂದು ಅಪ್ಪನಿಗೆ ತೋರಿಸಬಹುದಾ, ಇದು ನಿನ್ನ ಪ್ರಶ್ನೆ. ನಾನೀಗ ರಜೆಗೆ ದಾವಣಗೆರೆಯಲ್ಲಿದ್ದೇನೆ, ಪುರುಸೊತ್ತಿದೆ. ವಿವರವಾಗಿಯೇ ಬರೆಯುತ್ತೇನೆ.

ಮೊದಲು ವೀಸಾ. ನೀನು ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲೆ ಇದ್ದೀಯ. ನಿನ್ನಂಥವರು ಬಂದೂಕು, ಮದ್ದುಗುಂಡು ಹೊಂದುವಂತಿಲ್ಲ ಅಂತ ಅಲ್ಲಿನ ಫೆಡರಲ್ ಕಾನೂನು ಹೇಳುತ್ತದೆ. ಗುಂಡು ಹಾರಿಸುವ ರೇಂಜ್‌ನಲ್ಲಿ ಬಂದೂಕನ್ನು ಸುಮ್ನೆ ಕೈಗೆ ತೆಗೆದುಕೊಂಡರೂ ಹೊಂದಿದ ಹಾಗೇ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ: ಆ ಕಾನೂನಿನ ಲೆಕ್ಕದಲ್ಲಿ ಖಾಲಿ ಕೇಸ್, ಪ್ರೈಮರ್ (ತಳದಲ್ಲಿ ಕೂತು ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು), ಗುಂಡು, ಮದ್ದು ಒಂದೊಂದೂ ಮದ್ದುಗುಂಡೇ. ಅಂದರೆ ನೀನು ಖಾಲಿ ಬ್ರಾಸ್ ತರಿಸಿಕೊಂಡರೂ ತಪ್ಪು. ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಬಂದವರಿಗೆ ಈ ತೊಡಕಿಲ್ಲ. ಅಷ್ಟು ಕಷ್ಟಪಟ್ಟು ಪಡೆದ ವೀಸಾವನ್ನು ಒಂದು ಡಬ್ಬಿ ಹಿತ್ತಾಳೆಗಾಗಿ ಕಳೆದುಕೊಳ್ಳಬೇಡ.

ಇನ್ನು ರೈಫಲ್ ವಿಷಯ. 218 ಬೀ ಅನ್ನು ವಿಂಚೆಸ್ಟರ್ 1930ರ ದಶಕದ ಕೊನೆಯಲ್ಲಿ ತಂದಿತು. 1950ರಲ್ಲಿ 222 ರೆಮಿಂಗ್ಟನ್ ಅನ್ನುವ ಹೊಸ ತೋಟಾ ಬಂದ ಮೇಲೆ ಇದನ್ನು ಕೇಳುವವರು ಕಡಿಮೆಯಾದರು. ಕಂಪನಿಗಳು ಯಾವಾಗಲೋ ಒಮ್ಮೆ ಒಂದು ಕಂತು ಮಾಡಿ ಬಿಡುತ್ತವೆ. ತಳದಲ್ಲಿ 218 ಬೀ ಅಂತಲೇ ಹೆಸರು ಒತ್ತಿದ ಕೇಸ್ ಸಿಕ್ಕರೆ ದುಡ್ಡು ನೋಡದೆ ತೆಗೆದುಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ. ಬೇರೆ ಕೇಸ್‌ನಿಂದ ಮಾಡಿಕೊಳ್ಳುವುದು ಎರಡನೇ ದಾರಿ.

ಆ ದಾರಿಯೂ ಒಳ್ಳೆಯದೇ. 1882ರ ಹಳೇ 32-20 ತೋಟಾದ ಕೇಸ್‌ನ ಕುತ್ತಿಗೆ (ಗುಂಡು ಕೂರುವ ಬಾಯಿ) ಕಿರಿದು ಮಾಡಿ 25-20 ಮಾಡಿದರು, ಅದನ್ನು ಇನ್ನಷ್ಟು ಕಿರಿದು ಮಾಡಿ ಬೀ ಮಾಡಿದರು. ನಾವು ಅದೇ ಕ್ರಮದಲ್ಲಿ ಹೋಗಬೇಕು. 25-20ರ ಗುಂಡು 0.257 ಇಂಚು, ಬೀ ಗುಂಡು 0.224. ಒಳ್ಳೆಯ ಡೈ (ಕೇಸ್‌ಗೆ ಆಕಾರ ಕೊಡುವ ಅಚ್ಚು) ಇದ್ದರೆ ಒಂದೇ ಒತ್ತಿಗೆ ಆಗುತ್ತದೆ. 32-20ಯಿಂದ ಹೊರಟರೆ 0.312ರಿಂದ ಇಳಿಯಬೇಕು. ಆಗ ನಡುವೆ 25-20 ಡೈ ಬಳಸು, ಇಲ್ಲದಿದ್ದರೆ ಭುಜ (ಕುತ್ತಿಗೆಯ ಕೆಳಗಿನ ಇಳಿಜಾರು) ಸುಕ್ಕುಗಟ್ಟಿ ಕುಸಿಯುತ್ತದೆ. ಆದರೆ 25-20 ಅನ್ನುವ ಹೆಸರಿನಲ್ಲಿ ಎರಡಿವೆ. ಸಿಂಗಲ್ ಶಾಟ್ ಅನ್ನುವುದು ಬೇರೆಯೇ ಉದ್ದದ ಕೇಸ್, ಅದು ಬೇಡ. ವಿಂಚೆಸ್ಟರ್ 25-20 ಅಂತಲೇ ಕೇಳು.

ನೀನು ಯು.ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿದವನು. ನೂರಕ್ಕೆ 70 ತಾಮ್ರ, 30 ಸತು ಇರುವ ಹಿತ್ತಾಳೆ ಒತ್ತಿದಷ್ಟೂ ಗಡುಸಾಗಿ ಬಿರಿಯುತ್ತದೆ ಅಂತ ನಿನಗೆ ಹೇಳಬೇಕಾಗಿಲ್ಲ. ಅದಕ್ಕೇ ಕುತ್ತಿಗೆ ಮತ್ತು ಭುಜವನ್ನು ಕಾಯಿಸಿ ಮೆತ್ತಗೆ ಮಾಡುತ್ತಾರೆ. ತಳಕ್ಕೆ ಮಾತ್ರ ಬಿಸಿ ತಾಗಲೇಬಾರದು. ತಳ ಮೆತ್ತಗಾದರೆ ಒತ್ತಡ ತಡೆಯುವುದಿಲ್ಲ, ಬಿಸಿ ಗ್ಯಾಸ್ ಹಿಂದಕ್ಕೆ ಮುಖದ ಕಡೆ ಬರುತ್ತದೆ. ಎಣ್ಣೆಯೂ ತೆಳ್ಳಗೆ ಸವರಬೇಕು. ಜಾಸ್ತಿಯಾದರೆ ಭುಜದ ಮೇಲೆ ಗುಳಿ ಬೀಳುತ್ತದೆ, ಕಡಿಮೆಯಾದರೆ ಕೇಸ್ ಡೈಯೊಳಗೇ ಕಚ್ಚಿಕೊಳ್ಳುತ್ತದೆ.

ನನಗೆ ನಿಜವಾಗಿ ಭಯ ಇರುವುದು ಕುತ್ತಿಗೆಯ ದಪ್ಪದ ಬಗ್ಗೆ. ಕಿರಿದು ಮಾಡಿದಾಗ ಗೋಡೆ ದಪ್ಪವಾಗುತ್ತದೆ. ಗುಂಡು ಕೂರಿಸಿದ ಮೇಲೆ ಚೇಂಬರ್‌ನಲ್ಲಿ (ರೈಫಲ್‌ನಲ್ಲಿ ತೋಟಾ ಕೂರುವ ಗೂಡು) ಹಿಗ್ಗಲು ಜಾಗವೇ ಉಳಿಯದಿದ್ದರೆ ಕುತ್ತಿಗೆ ಗುಂಡನ್ನು ಬಿಡುವುದಿಲ್ಲ, ಒತ್ತಡ ಒಮ್ಮೆಲೇ ಏರುತ್ತದೆ. ಹಳೇ ರೈಫಲ್ ತಡೆಯಬೇಕಲ್ವಾ? ಮೈಕ್ರೋಮೀಟರ್ ಹಿಡಿದು ಅಳತೆ ಮಾಡು. ಅದಕ್ಕೂ ಮೊದಲು ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್ ಒಬ್ಬರಿಂದ ಚೇಂಬರ್‌ನ ಅಚ್ಚು ತೆಗೆಸಿ ನೋಡು.

ಹಳೇ ಕೇಸ್ ಕೊಳ್ಳುವಾಗ ತಳದ ಸ್ವಲ್ಪ ಮೇಲೆ ಹೊಳೆಯುವ ಉಂಗುರದಂಥ ಗೆರೆ ಇದೆಯಾ ನೋಡು. ಪೇಪರ್ ಕ್ಲಿಪ್‌ನ ತುದಿ ಸ್ವಲ್ಪ ಬಗ್ಗಿಸಿ ಒಳಗೋಡೆಯ ಮೇಲೆ ಮೆಲ್ಲಗೆ ಎಳೆ. ಆ ಜಾಗದಲ್ಲಿ ತುದಿ ತಡೆದು ನಿಂತರೆ ಒಳಗೆ ಹಿತ್ತಾಳೆ ಹಿಗ್ಗಿ ತೆಳ್ಳಗಾಗಿದೆ ಅಂತ ಅರ್ಥ, ಅದು ಗುಜರಿಗೆ. ಮಾಡೆಲ್ 65ರಲ್ಲಿ ತೋಟಾಗಳು ಕೊಳವೆಯೊಳಗೆ ಒಂದರ ಹಿಂದೆ ಒಂದು ಕೂರುತ್ತವೆ. ಚೂಪು ಗುಂಡು ಹಾಕಿದರೆ ಅದರ ಮೊನೆ ಮುಂದಿನದರ ಪ್ರೈಮರ್‌ಗೆ ತಾಗುತ್ತದೆ, ಕೊಳವೆಯೊಳಗೇ ಸಿಡಿಯಬಹುದು. ಚಪ್ಪಟೆ ಮೂತಿಯ ಗುಂಡನ್ನೇ ಹಾಕು. ನೀನು ಮಾಡಿದ ಕೇಸ್‌ನ ತಳದಲ್ಲಿ 25-20 ಅಥವಾ 32-20 ಅಂತ ಹಳೇ ಹೆಸರೇ ಇರುತ್ತದೆ, ಹಾಗಾಗಿ ಡಬ್ಬಿಯ ಮೇಲೆ 218 ಬೀ ಅಂತ ದಪ್ಪಕ್ಷರದಲ್ಲಿ ಬರೆದಿಡು.

ಊರಿಗೆ ತರುವ ಯೋಚನೆ ಬಿಡು. ಒಂದೂ ಬೇಡ. ನಮ್ಮಲ್ಲಿ 1959ರ ಆಯುಧ ಕಾಯ್ದೆಯಲ್ಲಿ ಮದ್ದುಗುಂಡಿನ ಬಿಡಿಭಾಗವೂ ಸೇರುತ್ತದೆ. ಏರ್‌ಪೋರ್ಟ್ ಸ್ಕ್ಯಾನರ್‌ನಲ್ಲಿ ಕಂಡರೆ ವಿಮಾನ ತಪ್ಪುತ್ತದೆ, ಠಾಣೆ ಕಾಣಬೇಕಾಗುತ್ತದೆ. ನಿನ್ನ ಅಪ್ಪನಿಗೆ ಬೆಳೆ ರಕ್ಷಣೆಯ ಕೋವಿ ಲೈಸೆನ್ಸ್ ಇದೆ ಅಂದೆಯಲ್ಲ, ಎಲೆಕ್ಷನ್ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸಿ ಬರುವ ಮನುಷ್ಯ ಅವರು. ಅವರಿಗೆ ಈ ತಲೆನೋವು ಕೊಡಬೇಡ. ಫೋಟೋ ಕಳಿಸು, ಸಾಕು.

ಸದ್ಯಕ್ಕೆ ರೈಫಲ್ ಅಜ್ಜನ ಬೀರುವಿನಲ್ಲೇ ಇರಲಿ. ಬೇಟೆ ಲೈಸೆನ್ಸ್‌ಗೆ ಬೇಕಾದ ಸುರಕ್ಷತಾ ಕೋರ್ಸ್‌ಗೆ ಹೆಸರು ಬರೆಸು, ವೀಸಾ ನೋಡಿಕೊಳ್ಳುವ ವಕೀಲರನ್ನೂ ಒಂದು ಮಾತು ಕೇಳು. ಲೈಸೆನ್ಸ್ ಕೈಗೆ ಬಂದ ಮೇಲೆ ನನಗೆ ಬರೆ. ಅಮೆರಿಕದ ನಮ್ಮ ಮನೆಯಲ್ಲಿ ಕೇಸ್ ಒತ್ತುವ ಪ್ರೆಸ್ ಇದೆ, ಬೀ ಡೈ ಇದೆ. ನಾನು ವಾಪಸ್ ಬಂದ ಮೇಲೆ ಒಂದು ಶನಿವಾರ ಬಂದರೆ ಜೊತೆಗೆ ಕೂತು ಮಾಡೋಣ, ಅಜ್ಜನನ್ನೂ ಕರೆದುಕೊಂಡು ಬಾ.