ಎಲ್ಲರಿಗೂ ಒಂದೇ ಅಡುಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾವನಿಗೆ ರಕ್ತದೊತ್ತಡವಿದೆ, ಉಪ್ಪು ಕಡಿಮೆ ಮಾಡಲು ವೈದ್ಯರು ಹೇಳಿದ್ದಾರೆ. ಸಾರು ಸಪ್ಪೆಯಾದರೆ ಉಳಿದವರು ಸರಿಯಾಗಿ ಉಣ್ಣುವುದಿಲ್ಲ. ಅವರೊಬ್ಬರಿಗೆ ಬೇರೆ ಅಡುಗೆ ಮಾಡಬೇಕೇ?
(ಓದುಗರು, ಹಾಸನ)

ಉತ್ತರ: ಬೇಡ. ಬೇರೆ ಪಾತ್ರೆ ಇಟ್ಟರೆ ನಿಮಗೆ ದುಡಿಮೆ ಹೆಚ್ಚು, ಅವರಿಗೆ ತಾವೊಬ್ಬರೇ ರೋಗಿ ಎಂಬ ನೋವು. ಆ ಏರ್ಪಾಡು ಬಹಳ ದಿನ ನಡೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಯಸ್ಕರೆಲ್ಲರಿಗೂ ಒಂದೇ: ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಮಟ್ಟಸವಾದ ಒಂದು ಟೀ ಚಮಚದೊಳಗೆ. ನಾಲ್ವರ ಮನೆಯಲ್ಲಿ ಒಂದು ಕಿಲೋ ಉಪ್ಪು 50 ದಿನವಾದರೂ ಬರಬೇಕು. ಪೊಟ್ಟಣದ ಮೇಲೆ ಒಡೆದ ದಿನಾಂಕ ಬರೆದಿಡಿ, ನಿಮ್ಮ ಲೆಕ್ಕ ತಾನಾಗಿ ಸಿಗುತ್ತದೆ.

ಒಮ್ಮೆಲೇ ಅರ್ಧಕ್ಕಿಳಿಸಿದವರೇ ಹೆಚ್ಚಾಗಿ ಸೋಲುವುದು. ನಾಲಿಗೆ ಹೊಂದಿಕೊಳ್ಳಲು ಕೆಲವು ವಾರ ಬೇಕು. ಕೈಯಂದಾಜು ಬಿಟ್ಟು ಚಮಚದಲ್ಲಿ ಅಳೆಯಿರಿ. ಈಗ ದಿನಕ್ಕೆ 6 ಚಮಚ ಹಾಕುತ್ತಿದ್ದರೆ ಎರಡು ವಾರ ಐದೂವರೆ, ಆಮೇಲೆ 5, ಹೀಗೆ ಇಳಿಯುತ್ತ ಬನ್ನಿ. ಅನ್ನಕ್ಕೆ, ಚಪಾತಿ ಹಿಟ್ಟಿಗೆ, ಮಜ್ಜಿಗೆಗೆ ಹಾಕುವುದನ್ನು ಮೊದಲು ನಿಲ್ಲಿಸಿ. ಅಲ್ಲಿ ಕೊರತೆ ಅಷ್ಟಾಗಿ ಗೊತ್ತಾಗುವುದಿಲ್ಲ. ಸಾರಿಗೆ ಇಳಿಸುವ ಹೊತ್ತಿಗೆ ನಿಂಬೆರಸ, ಕುಟ್ಟಿದ ಜೀರಿಗೆ, ಮೆಣಸು ಬೀಳಲಿ. ಕೋಸಂಬರಿಗೆ ಬಡಿಸುವಾಗಲೇ ಉಪ್ಪು ಹಾಕಿ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಉಪ್ಪೆಲ್ಲ ತಳಕ್ಕಿಳಿಯುತ್ತದೆ, ಮೇಲಿನದು ಸಪ್ಪೆ ಎಂದು ಮತ್ತೆ ಸೇರಿಸುತ್ತೀರಿ. ಉಪ್ಪಿನಕಾಯಿ ಜಾಡಿ, ಹಪ್ಪಳದ ಡಬ್ಬ ಊಟದ ಜಾಗದಲ್ಲಿ ಇರಬಾರದು. ಇಷ್ಟು ಜತನದಿಂದ ಉಳಿಸಿದ್ದು ಅಲ್ಲಿ ಹೋಗಿಬಿಡುತ್ತದೆ.

ಸೋಡಿಯಂ ಕಡಿಮೆ ಇರುವ ಉಪ್ಪನ್ನು ಕೇಳದೆ ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇದ್ದವರಿಗೆ, ರಕ್ತದೊತ್ತಡದ ಕೆಲವು ಮಾತ್ರೆ ನುಂಗುವವರಿಗೆ ಅದು ಅಪಾಯ.

ಪ್ರಶ್ನೆ: ಐದು ವರ್ಷದ ಮಗ ತರಕಾರಿ ಮುಟ್ಟುವುದಿಲ್ಲ. ಹಾಲು, ಬಿಸ್ಕತ್ತಿನಲ್ಲೇ ದಿನ ಕಳೆಯುತ್ತಾನೆ.
(ಓದುಗರು, ಹುಬ್ಬಳ್ಳಿ)

ಉತ್ತರ: ತರಕಾರಿಗಿಂತ ಮೊದಲು ಗಡಿಯಾರ ನೋಡಿ. ಸಂಜೆ ಆರಕ್ಕೆ ಒಂದು ಲೋಟ ಹಾಲು, ನಾಲ್ಕು ಬಿಸ್ಕತ್ತು ತಿಂದ ಮಗುವಿಗೆ ಏಳೂವರೆಗೆ ಹಸಿವೆಲ್ಲಿಂದ ಬರಬೇಕು? ಹಾಲನ್ನು ನಾಲ್ಕೂವರೆಗೆ ಹಿಂದೂಡಿ, ದಿನವಿಡೀ ಸೇರಿ ಅರ್ಧ ಲೀಟರ್ ಮೀರದಿರಲಿ. ಬಿಸ್ಕತ್ತಿನ ಬದಲು ಬೇಯಿಸಿದ ಕಡಲೆಕಾಳು ಅಥವಾ ಬಾಳೆಹಣ್ಣು. ಆಮೇಲೆ ಊಟದವರೆಗೆ ನೀರು ಮಾತ್ರ.

ಊಟಕ್ಕೆ ಅವನಿಗಿಷ್ಟವಾದುದರ ಪಕ್ಕ ಒಂದೇ ಚಮಚ ಪಲ್ಯ ಬಡಿಸಿ, ಸುಮ್ಮನಿರಿ. ಹೊಸ ರುಚಿ ಒಗ್ಗಲು ಹತ್ತು ಹದಿನೈದು ಸಲ ಎದುರಾಗಬೇಕಾಗುತ್ತದೆ. ಮೂರನೆಯ ಸಲಕ್ಕೇ ಕೈಬಿಡಬೇಡಿ. ಹುರುಳಿಕಾಯಿ ತಿಂದರೆ ಚಾಕೊಲೇಟ್ ಎಂದರೆ ಹುರುಳಿಕಾಯಿ ಶಿಕ್ಷೆಯಾಗುತ್ತದೆ, ಚಾಕೊಲೇಟ್ ಬಹುಮಾನವಾಗುತ್ತದೆ. ಕ್ಯಾರೆಟ್ ಅರೆದು ದೋಸೆಹಿಟ್ಟಿಗೆ ಬೆರೆಸಬಹುದು, ಆದರೆ ಅದರಿಂದ ಮಗು ಕ್ಯಾರೆಟ್ ತಿನ್ನಲು ಕಲಿಯುವುದಿಲ್ಲ. ತಟ್ಟೆಯಲ್ಲಿ ಅದರದೇ ರೂಪದಲ್ಲಿ ಇರಲಿ, ನೀವೂ ಅವನೆದುರು ಕೂತು ಅದನ್ನೇ ತಿನ್ನಿ.

ಪ್ರಶ್ನೆ: ಹಣ್ಣಿನ ಬದಲು ಮನೆಯಲ್ಲೇ ಮಾಡಿದ ಜ್ಯೂಸ್ ಕೊಡಬಹುದೇ?
(ಓದುಗರು, ಉಡುಪಿ)

ಉತ್ತರ: ಹಣ್ಣೇ ಕೊಡಿ. ಸೋಸಿದಾಗ ನಾರು ಹೋಗಿ ಸಕ್ಕರೆ ಉಳಿಯುತ್ತದೆ. ಮೂರು ಕಿತ್ತಳೆಯ ರಸವನ್ನು ಒಂದು ನಿಮಿಷದಲ್ಲಿ ಕುಡಿದುಬಿಡುತ್ತಾರೆ.

ಪ್ರಶ್ನೆ: ಯಜಮಾನರಿಗೆ ಸಕ್ಕರೆ ಕಾಯಿಲೆ. ಅನ್ನ ಬಿಟ್ಟು ಮೂರು ಹೊತ್ತೂ ಮುದ್ದೆ ಮಾಡಿದರೂ ಸಕ್ಕರೆ ಇಳಿದಿಲ್ಲ.
(ಓದುಗರು, ತುಮಕೂರು)

ಉತ್ತರ: ರಾಗಿಯಲ್ಲೂ ಪಿಷ್ಟ ಹೆಚ್ಚುಕಡಿಮೆ ಅಕ್ಕಿಯಷ್ಟೇ ಇದೆ. ಅದರ ಹೆಚ್ಚುಗಾರಿಕೆ ನಾರಿನಲ್ಲಿ, ಸುಣ್ಣದ ಅಂಶದಲ್ಲಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ. ಆದರೆ ಎರಡು ದೊಡ್ಡ ಮುದ್ದೆ ನುಂಗಿದರೆ ಸಕ್ಕರೆ ಏರಿಯೇ ಏರುತ್ತದೆ. ಹೊತ್ತಿಗೆ 60 ಗ್ರಾಂ ಹಿಟ್ಟಿನ ಒಂದು ಮುದ್ದೆಯಿಂದ ಆರಂಭಿಸಿ. ಉಳಿದ ಹಸಿವನ್ನು ಪಲ್ಯ ಮತ್ತು ಕಾಳು ತುಂಬಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಕೊಟ್ಟ 2000 ಕ್ಯಾಲೊರಿಯ ಮಾದರಿಯಲ್ಲಿ ದಿನಕ್ಕೆ ಧಾನ್ಯ 250 ಗ್ರಾಂ, ತರಕಾರಿ 400 ಗ್ರಾಂ. ನಮ್ಮ ಮನೆಗಳ ತಟ್ಟೆ ಸಾಮಾನ್ಯವಾಗಿ ಇದಕ್ಕೆ ತಿರುಗುಮುರುಗು.

ಬಸ್ಸಾರು ನಿಮಗೆ ಹೇಳಿ ಮಾಡಿಸಿದ ಅಡುಗೆ. ಸೊಪ್ಪು, ಕಾಳು ಪಲ್ಯವಾಗುತ್ತದೆ, ಬಸಿದ ನೀರು ಸಾರಾಗುತ್ತದೆ. ನೀರಿಗಿಳಿದ ಸತ್ವವೂ ಪೋಲಾಗುವುದಿಲ್ಲ. ಮೊದಲು ಒಂದು ಬಟ್ಟಲು ಪಲ್ಯ ತಿಂದು ಆಮೇಲೆ ಮುದ್ದೆಗೆ ಕೈ ಹಾಕಲಿ. ಅವರು ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಊಟದ ಪ್ರಮಾಣ ತಗ್ಗಿಸುವ ಮೊದಲು ವೈದ್ಯರಿಗೆ ತಿಳಿಸಿ. ಔಷಧಿ ಹಳೆಯ ಅಳತೆಯಲ್ಲೇ ಉಳಿದರೆ ಸಕ್ಕರೆ ತೀರಾ ಕುಸಿದು ಬೆವರು, ನಡುಕ, ತಲೆಸುತ್ತು ಬರಬಹುದು.